ಬಿಪಿ ಮಾತ್ರೆಯ ಜೊತೆ ಫ್ಲೂ ಲಸಿಕೆಯೂ ಬರಲಿ

ಮಾನ್ಯ ಆರೋಗ್ಯ ಸಚಿವರೇ,

2023ರ ಮಾರ್ಚ್ 1ರಂದು ಹಾಸನ ಜಿಲ್ಲೆಯ ಆಲೂರಿನ 82 ವರ್ಷದ ಹಿರಿಯರೊಬ್ಬರು ಎಚ್3ಎನ್2 ಫ್ಲೂ ಜ್ವರದಿಂದ ತೀರಿಕೊಂಡರು. ಆ ವರ್ಷ ರಾಜ್ಯದಲ್ಲಿ ಈ ಜ್ವರಕ್ಕೆ ಅದೇ ಮೊದಲ ಸಾವೆಂದು ಸುದ್ದಿಯಾಯಿತು. ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಇತ್ತು, ಬಿಪಿ ಇತ್ತು ಎಂದು ಓದಿದವರು ನಿಟ್ಟುಸಿರುಬಿಟ್ಟು ಸುಮ್ಮನಾದರು. ನನಗೆ ಸುಮ್ಮನಿರಲು ಆಗುತ್ತಿಲ್ಲ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಸಕ್ಕರೆ, ಬಿಪಿ ಇರುವ ಹಿರಿಯರು ಬೀದಿಬೀದಿಯಲ್ಲೂ ಇದ್ದಾರೆ. ಅವರು ಹೋದರೂ ಇದೇ ಮಾತು ಹೇಳಿ ಮುಗಿಸುತ್ತೇವೆಯೇ?

ಇಲ್ಲಿ ಜ್ವರ ಬಂದರೆ ನಡೆಯುವುದು ಹೀಗೆ. ಕಾಯಿ ಸುಲಿಯುವ ಆಳುಗಳು ಬಂದಿರುತ್ತಾರೆ, ಯಜಮಾನರು ಮೈ ಕಾದಿದ್ದರೂ ತಲೆಗೆ ಟವೆಲ್ ಸುತ್ತಿಕೊಂಡು ಸಿಪ್ಪೆ ರಾಶಿಯ ಪಕ್ಕ ಕೂತಿರುತ್ತಾರೆ. ಮೊದಲ ದಿನ ಮೆಣಸಿನ ಕಷಾಯ. ಮರುದಿನ ಮೆಡಿಕಲ್ ಸ್ಟೋರಿನ ಮಾತ್ರೆ. ಮೂರನೆಯ ದಿನ, "ಕೊಬ್ಬರಿ ಎಪಿಎಂಸಿಗೆ ಹಾಕಿ ಬಂದು ತೋರಿಸಿಕೊಳ್ತೀನಿ ಬಿಡ್ರಪ್ಪ." ಫ್ಲೂಗೆ ಕೊಡುವ ಒಸೆಲ್ಟಮಿವಿರ್ ಚೆನ್ನಾಗಿ ನಾಟುವುದು ಜ್ವರ ಶುರುವಾದ 48 ಗಂಟೆಯೊಳಗೆ. ಏದುಸಿರು ಹತ್ತಿ ಮಕ್ಕಳು ಕಾರು ಹುಡುಕುವ ಹೊತ್ತಿಗೆ ಆ ಗಳಿಗೆ ಕಳೆದುಹೋಗಿರುತ್ತದೆ.

1918ರ ಫ್ಲೂ (ಇನ್‌ಫ್ಲುಯೆಂಜಾ) ನಮ್ಮ ದೇಶದಲ್ಲಿ ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮೈಸೂರು ಸಂಸ್ಥಾನವೂ ನಲುಗಿತು. ಮನುಷ್ಯರಲ್ಲಿ ಅದರ ವೈರಾಣು ಪತ್ತೆಯಾದದ್ದೇ 1933ರಲ್ಲಿ, ಹಾಗಾಗಿ ಅಂದಿನ ಅಧಿಕಾರಿಗಳ ಕೈಯಲ್ಲಿ ಮದ್ದಿರಲಿಲ್ಲ. ನಿಮ್ಮ ಕೈಯಲ್ಲಿದೆ. ಹಿರಿಯರಿಗೆ, ದೀರ್ಘಕಾಲದ ಕಾಯಿಲೆ ಇರುವವರಿಗೆ ಪ್ರತಿವರ್ಷ ಫ್ಲೂ ಲಸಿಕೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಬರಬಹುದು, ಆದರೆ ಐಸಿಯು ಸೇರುವ, ಸಾಯುವ ಅಪಾಯ ತಗ್ಗುತ್ತದೆ. ಖಾಸಗಿಯಾಗಿ ಹಾಕಿಸಿಕೊಳ್ಳಲು ಕೈಯಿಂದ ಹಣ ತೆರಬೇಕು. ಕೂಲಿಯವರ ಮನೆಯಲ್ಲಿ ಗಂಡಹೆಂಡಿರಿಬ್ಬರಿಗೂ ವರ್ಷವರ್ಷ ಅದಾಗುವ ಮಾತಲ್ಲ.

ಹೊಸ ಸಮೀಕ್ಷೆಯೇನೂ ಬೇಡ. ನಿಮ್ಮ ಇಲಾಖೆಯದೇ ಗೃಹ ಆರೋಗ್ಯ ಯೋಜನೆಯಿದೆ, ಮನೆಮನೆಗೆ ಬಂದು ಬಿಪಿ, ಸಕ್ಕರೆ ನೋಡುತ್ತಾರೆ. ಯಾರ ಮನೆಯಲ್ಲಿ ಯಾರಿಗೆ ಏನಿದೆ ಎಂಬುದು ನಮ್ಮೂರಿನ ಆಶಾ ಕಾರ್ಯಕರ್ತೆಗೆ ಬಾಯಿಪಾಠ. ಅದೇ ಪಟ್ಟಿ ಹಿಡಿದು, 60 ದಾಟಿದ ಸಕ್ಕರೆ, ಬಿಪಿ ರೋಗಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ಲಸಿಕೆ ಹಾಕಿಸಿ. ಜ್ವರ ಏರುವುದು ಜನವರಿಯಿಂದ ಮಾರ್ಚ್‌ವರೆಗೆ ಮತ್ತು ಮಳೆಗಾಲದಲ್ಲಿ. ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕು. ಆದ್ದರಿಂದ ಜ್ವರ ಏರುವ ಮೊದಲೇ ಲಸಿಕೆ ಸಿಗುವಂತೆ ಈ ಸಲದ ಬಜೆಟ್‌ನಲ್ಲೇ ಹಣ ಇಡಿ. ಇಡೀ ರಾಜ್ಯಕ್ಕೆ ಒಮ್ಮೆಗೇ ಆಗದಿದ್ದರೆ ಹಾಸನ ಮತ್ತು ನಮ್ಮ ತುಮಕೂರು ಜಿಲ್ಲೆಗಳಿಂದ ಶುರುಮಾಡಿ.

ಇಂತಿ,
ಸಂಪಿಗೆಯ ಒಬ್ಬ ತೆಂಗು ಬೆಳೆಗಾರ