ಸಾಕ್ಷಿಯನ್ನೂ ಪರೀಕ್ಷಿಸಬೇಕು

ಕಪ್ಪು ಹಿನ್ನೆಲೆಯಲ್ಲಿ ಹಸಿರಾಗಿ, ಕೆಂಪಾಗಿ ಹೊಳೆಯುವ ಜೀವಕೋಶಗಳ ಚಿತ್ರಗಳನ್ನು ವಿಜ್ಞಾನದ ಸುದ್ದಿಗಳ ಜೊತೆ ನೀವು ನೋಡಿರುತ್ತೀರಿ. ಆ ಹೊಳಪು ಬಹುತೇಕ ಪ್ರತಿಕಾಯಗಳ ಕೆಲಸ. ಸಾವಿರಾರು ಪ್ರೋಟೀನುಗಳ ಸಂತೆಯಲ್ಲಿ ಬೇಕಾದ ಒಂದನ್ನೇ ಹುಡುಕಿ ಅಂಟಿಕೊಳ್ಳುವುದು ಅವುಗಳ ಗುಣ. ಆದರೆ ಅವು ಅಂಟಿಕೊಂಡದ್ದು ಸರಿಯಾದ ಪ್ರೋಟೀನಿಗೇ ಎಂದು ಖಾತ್ರಿ ಮಾಡಿಕೊಳ್ಳಲು ನಾವು ಎಷ್ಟು ಖರ್ಚು ಮಾಡುತ್ತಿದ್ದೇವೆ?

ನಾನು ಕೆಲಸ ಮಾಡುವ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರೇ ಮೊದಲ ಕುಲಾಧಿಪತಿ. ಇಲ್ಲಿ ಹಣ್ಣುನೊಣಗಳ ಮೇಲಿನ ಸಂಶೋಧನೆಗೆ ದಶಕಗಳ ಪರಂಪರೆಯಿದೆ. ನಾವು ಹುಡುಕುವ ಪ್ರೋಟೀನುಗಳಲ್ಲಿ ‘ನಾಚ್’ ಒಂದು. ಇದು ಜೀವಕೋಶದ ಹೊರಪೊರೆಯಲ್ಲಿ ನಿಂತಿರುತ್ತದೆ. ಪಕ್ಕದ ಕೋಶದ ಪ್ರೋಟೀನು ಇದನ್ನು ಮುಟ್ಟಿದಾಗ ಒಳಭಾಗ ತುಂಡಾಗಿ ಕೋಶಕೇಂದ್ರಕ್ಕೆ ಹೋಗಿ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ನೊಣದ ರೆಕ್ಕೆಯ ಅಂಚು ರೂಪುಗೊಳ್ಳುವುದಕ್ಕೂ ಇದು ಬೇಕು. ಮನುಷ್ಯರಲ್ಲಿ ಇದರ ವಂಶವಾಹಿ ಕೆಟ್ಟರೆ ಒಂದು ಬಗೆಯ ರಕ್ತ ಕ್ಯಾನ್ಸರಿಗೆ ದಾರಿಯಾಗುತ್ತದೆ ಎಂಬುದು 2004ರಲ್ಲಿ ಸ್ಪಷ್ಟವಾಯಿತು.

ತೊಡಕು ಇರುವುದು ಇಲ್ಲಿಯೇ. ಒಳಭಾಗವನ್ನು ಗುರುತಿಸುವ ಪ್ರತಿಕಾಯವು ತುಂಡಾದ ನಾಚ್‌ಗೂ ಅಂಟುತ್ತದೆ, ಪೊರೆಯಲ್ಲಿ ಸುಮ್ಮನೆ ನಿಂತಿರುವ ನಾಚ್‌ಗೂ ಅಂಟುತ್ತದೆ. ಹೊಳಪು ಕಂಡ ಮಾತ್ರಕ್ಕೆ ಸಂಕೇತ ಹರಿಯುತ್ತಿದೆ ಎನ್ನಲಾಗದು; ಹೊಳಪು ಎಲ್ಲಿದೆ ಎಂದು ನೋಡಬೇಕು. ಕೆಲವು ಪ್ರತಿಕಾಯಗಳಂತೂ ಬೇರೆಯೇ ಪ್ರೋಟೀನಿಗೂ ಅಂಟುತ್ತವೆ. ಇದಕ್ಕೆ ಪರಿಹಾರ ಹಳೆಯದೇ. ರೆಕ್ಕೆಯಾಗಲಿರುವ ಅಂಗಾಂಶದ ಅರ್ಧಭಾಗದಲ್ಲಿ ಮಾತ್ರ ನಾಚ್ ತಗ್ಗಿಸಿ, ಉಳಿದರ್ಧವನ್ನು ಹಾಗೇ ಬಿಡಿ. ತಗ್ಗಿಸಿದ ಕಡೆ ಹೊಳಪು ಇಳಿದರೆ ಪ್ರತಿಕಾಯವನ್ನು ನಂಬಬಹುದು. ಇಳಿಯದಿದ್ದರೆ ಮೊದಲು ನಾಚ್ ನಿಜಕ್ಕೂ ತಗ್ಗಿದೆಯೇ ಎಂದು ಬೇರೆ ವಿಧಾನದಿಂದ ನೋಡಿ. ತಗ್ಗಿದ್ದರೆ ಆ ಶೀಶೆಯನ್ನು ಬದಿಗಿಡಿ.

ಸಮಸ್ಯೆ ಬನಾರಸಿನದಷ್ಟೇ ಅಲ್ಲ. ಪ್ರತಿಕಾಯಗಳಿಗೆ ಮಾನದಂಡ ಬೇಕೆಂದು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ದನಿಗೂಡಿಸಿದರು. ಆದರೆ ನಮ್ಮಲ್ಲಿ ಇದರ ಪೆಟ್ಟು ಜಾಸ್ತಿ. ಕೆಲವು ಹನಿಗಳ ಶೀಶೆಗೆ ಹತ್ತಾರು ಸಾವಿರ ರೂಪಾಯಿ. ವಿದೇಶದಿಂದ ಬರಲು ವಾರಗಟ್ಟಲೆ ಕಾಯಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಊರಿಗೆ ಬರುವಷ್ಟರಲ್ಲಿ ಡಬ್ಬಿಯೊಳಗಿನ ಐಸ್ ಕರಗಿರುವುದೂ ಉಂಟು. ಹೀಗಿರುವಾಗ ಸಂಶೋಧನಾ ವಿದ್ಯಾರ್ಥಿ ಹನಿಹನಿಯನ್ನೂ ಲೆಕ್ಕ ಹಾಕುತ್ತಾನೆ, ಉಳಿತಾಯದ ಕತ್ತರಿ ಮೊದಲು ಬೀಳುವುದು ಪರೀಕ್ಷಾ ಪ್ರಯೋಗದ ಮೇಲೆ. ಐದು ವರ್ಷದ ಪಿಎಚ್‌.ಡಿ. ಒಂದು ಸುಳ್ಳು ಹೊಳಪಿನ ಹಿಂದೆ ಕಳೆದುಹೋದರೆ ಆ ನಷ್ಟ ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿರುವ ಹೈಬ್ರಿಡೋಮಾ ಬ್ಯಾಂಕ್ ಕಡಿಮೆ ಬೆಲೆಗೆ ಪ್ರತಿಕಾಯ ಒದಗಿಸುತ್ತದೆ. ಜಗತ್ತಿನ ನೊಣದ ಪ್ರಯೋಗಾಲಯಗಳು ಅದನ್ನು ನೆಚ್ಚಿಕೊಂಡಿವೆ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ ಜೀವಕೋಶಗಳ ಭಂಡಾರವಿದೆ. ಅದೇ ಮಾದರಿಯಲ್ಲಿ ಪರೀಕ್ಷಿಸಿದ ಪ್ರತಿಕಾಯಗಳ ಸಾರ್ವಜನಿಕ ಭಂಡಾರ ಬೆಳೆಸುವುದು ಅಸಾಧ್ಯವೇನಲ್ಲ. ಅನುದಾನ ಕೊಡುವವರು ಪರೀಕ್ಷಾ ಪ್ರಯೋಗಕ್ಕೆಂದೇ ಪ್ರತ್ಯೇಕ ಹಣ ಇಡಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಪುಣೆ, ಹೈದರಾಬಾದ್, ಬಾಸ್ಟನ್ ಎಲ್ಲೇ ಇರಲಿ, ಪ್ರಯೋಗಾಲಯಗಳಲ್ಲಿ ದುಡಿಯುವ ಕನ್ನಡಿಗರು ಯಾವ ಪ್ರತಿಕಾಯ ಕೆಲಸ ಮಾಡಿತು, ಯಾವುದು ಕೈಕೊಟ್ಟಿತು ಎಂಬುದನ್ನು ಬ್ಯಾಚ್ ಸಂಖ್ಯೆ ಸಮೇತ ಪರಸ್ಪರ ತಿಳಿಸಬೇಕು. ಕೆಲಸ ಮಾಡದ ಶೀಶೆಯ ಸುದ್ದಿಯೂ ಇನ್ನೊಬ್ಬ ವಿದ್ಯಾರ್ಥಿಯ ಒಂದು ವರ್ಷ ಉಳಿಸಬಲ್ಲದು.