ಕೆಂಚಾರ್ಲಹಳ್ಳಿ ರಸ್ತೆಗೆ ಎಷ್ಟು ಹಾರ್ಸ್‌ಪವರ್ ಬೇಕು?

ನಮ್ಮ ಕಡೆ ಒಂದು ಮನೆಗೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಸ್ವಿಫ್ಟ್ ಬಂದರೆ ಸಾಕು, ಪೂಜೆಯ ನಿಂಬೆಹಣ್ಣು ಒಣಗುವಷ್ಟರಲ್ಲಿ ಹುಡುಗರ ಮಾತು ‘ಪಿಕಪ್’ ಕಡೆ ತಿರುಗುತ್ತದೆ. ಬೆಂಗಳೂರಿಗೆ ಹೋಗಿ ರೀಮ್ಯಾಪ್ ಮಾಡಿಸಿದರೆ ಗಾಡಿ ಬಾಣದ ಥರ ಹೋಗತ್ತಂತೆ ಅಣ್ಣಾ, ಸೈಲೆನ್ಸರ್ ಬದಲಿಸಿದರೆ ಸೌಂಡೇ ಬೇರೆಯಂತೆ ಅಣ್ಣಾ. ಚಿಂತಾಮಣಿ, ಮುರುಗಮಲ್ಲ, ಕೆಂಚಾರ್ಲಹಳ್ಳಿಯ ಗ್ಯಾರೇಜುಗಳ ಮುಂದೆ ನಿಂತರೆ ಈ ಮಾತು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕಿವಿಗೆ ಬೀಳುತ್ತದೆ. ಇದನ್ನು ಹುಡುಗಾಟ ಎಂದು ತಳ್ಳಿಹಾಕುವ ಹಿರಿಯರ ಜೊತೆ ನಾನಿಲ್ಲ. ಯಂತ್ರವೊಂದರ ಒಳಗನ್ನು ತಿಳಿಯಬೇಕು, ಅದನ್ನು ಇನ್ನಷ್ಟು ಚೆನ್ನಾಗಿ ಓಡಿಸಬೇಕು ಅನ್ನುವ ಆಸೆ ಒಳ್ಳೆಯ ಆಸೆ. ನನ್ನ ಆತಂಕವೆಲ್ಲ ಆ ಆಸೆ ಕಾರಿನ ಯಾವ ಭಾಗದ ಮೇಲೆ ಖರ್ಚಾಗುತ್ತಿದೆ ಅನ್ನುವುದರ ಬಗ್ಗೆ.

ಮೊದಲು ಎಂಜಿನ್ನಿನ ಮಾತು. ಹಳೆಯ ಡೀಸೆಲ್ ಸ್ವಿಫ್ಟಿನ 1248 ಸಿಸಿ ಎಂಜಿನ್ ಫಿಯಟ್ ಕಂಪನಿಯ ವಿನ್ಯಾಸ. ಸ್ವಿಫ್ಟಿನಲ್ಲಿ ಅದು ಸುಮಾರು 75 ಹಾರ್ಸ್‌ಪವರ್ ಕೊಡುತ್ತಿತ್ತು. ಅದೇ ಎಂಜಿನ್ ಎಸ್‌ಎಕ್ಸ್4, ಎರ್ಟಿಗಾಗಳಲ್ಲಿ 90 ಕೊಡುತ್ತಿತ್ತು. ‘ಕಂಪನಿಯವರು ಬೇಕೆಂದೇ ಶಕ್ತಿ ಬಚ್ಚಿಟ್ಟಿದ್ದಾರೆ, ಸಾಫ್ಟ್‌ವೇರ್ ಬದಲಿಸಿದರೆ ಹೊರಗೆ ಬರುತ್ತದೆ’ ಎಂಬ ನಂಬಿಕೆಗೆ ಇದೇ ಮೂಲ. ಆದರೆ 90ರ ಎಂಜಿನ್ನಿನಲ್ಲಿ ಟರ್ಬೊ ಕೂಡ ಬೇರೆಯೇ ಇತ್ತು. ಗಾಳಿಯ ದಾರಿಯನ್ನು ವೇಗಕ್ಕೆ ತಕ್ಕಂತೆ ಹಿಗ್ಗಿಸುವ, ಕುಗ್ಗಿಸುವ ಟರ್ಬೊ ಅದು. ಕಾರ್ಖಾನೆಯಲ್ಲಿ ಕಬ್ಬಿಣ ಬದಲಿಸಿ ಪಡೆದ ಶಕ್ತಿಯನ್ನು ನಾವು ಲ್ಯಾಪ್‌ಟಾಪಿನಿಂದ ಪಡೆಯಲು ಹೊರಟಿದ್ದೇವೆ.

ರೀಮ್ಯಾಪ್ ಮಾಡುವುದು ಇಷ್ಟು. ಎಂಜಿನ್ನಿನ ಕಂಪ್ಯೂಟರಿನಲ್ಲಿ ಯಾವ ವೇಗಕ್ಕೆ, ಯಾವ ಒತ್ತಡಕ್ಕೆ ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ ಚಿಮ್ಮಿಸಬೇಕು, ಟರ್ಬೊ ಎಷ್ಟು ಗಾಳಿ ತುಂಬಬೇಕು ಅನ್ನುವ ಕೋಷ್ಟಕಗಳಿರುತ್ತವೆ. ಅವುಗಳ ಅಂಕಿಗಳನ್ನು ಏರಿಸುತ್ತಾರೆ. ಕಂಪನಿ ಅಲ್ಲಿ ಸ್ವಲ್ಪ ಜಾಗ ಬಿಟ್ಟಿರುವುದು ನಿಜ. ಕೆಟ್ಟ ಡೀಸೆಲ್, ಏಪ್ರಿಲ್ ಬಿಸಿಲು, ಎತ್ತರದ ಊರು, ಲಕ್ಷ ಕಿಲೋಮೀಟರ್ ದಾಟಿದ ಸವೆತ, ಹೊಗೆಯ ಮಿತಿ ಎಲ್ಲವನ್ನೂ ತಾಳಲಿ ಎಂದು ಬಿಟ್ಟ ಜಾಗ. ಅದನ್ನು ತಿಂದಾಗ ಮೊದಲು ಜಾರುವುದು ಕ್ಲಚ್ಚು, ಆಮೇಲೆ ಕಾಯುವುದು ಟರ್ಬೊ. ಇನ್ನೂ ಅಗ್ಗದ ‘ಟ್ಯೂನಿಂಗ್ ಬಾಕ್ಸ್’ ಸೆನ್ಸರಿನ ತಂತಿಯ ನಡುವೆ ಕೂತು, ಡೀಸೆಲ್ ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಕಂಪ್ಯೂಟರ್ ಒತ್ತಡ ಏರಿಸುತ್ತದೆ. ಒಳ್ಳೆಯ ಟ್ಯೂನರುಗಳು ಬೆಂಗಳೂರಿನಲ್ಲಿದ್ದಾರೆ, ಡೈನೊ ಯಂತ್ರದ ಮೇಲೆ ಕಾರು ಓಡಿಸಿ, ತಾಪ ಅಳೆದು ಕೆಲಸ ಮಾಡುತ್ತಾರೆ. ಅಂಥವರ ಕೆಲಸಕ್ಕೂ ಮೊಬೈಲಿನಲ್ಲಿ ಇಳಿಸಿಕೊಂಡ ಯಾರದೋ ಫೈಲನ್ನು ತುಂಬಿಸುವವರ ಕೆಲಸಕ್ಕೂ ಅಜಗಜಾಂತರ.

ಟರ್ಬೊ ಇಲ್ಲದ ಪೆಟ್ರೋಲ್ ಆಲ್ಟೊ, ವ್ಯಾಗನ್‌ಆರ್ ಇದ್ದವರಿಗೆ ಒಂದೇ ಮಾತು: ರೀಮ್ಯಾಪಿನಿಂದ ಸಿಗುವುದು ಅತ್ಯಲ್ಪ. ದೊಡ್ಡ ಬಾಯಿಯ ಸೈಲೆನ್ಸರಿನಿಂದ ಸಿಗುವುದು ಸದ್ದು, ಕೆಲವು ಸಲ ಕೆಳಗಿನ ಗೇರಿನ ಎಳೆತ ಇನ್ನೂ ಕಡಿಮೆಯಾಗುತ್ತದೆ. ಬಾನೆಟ್ಟಿನೊಳಗೆ ತೆರೆದು ಕೂರಿಸುವ ಕೋನ್ ಫಿಲ್ಟರ್ ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ. ಟ್ರ್ಯಾಕ್ಟರ್ ಎಬ್ಬಿಸುವ ನಮ್ಮ ಕೆಮ್ಮಣ್ಣಿನ ದೂಳಿಗೆ ಅದು ಹೇಳಿದ್ದಲ್ಲ.

ಈಗ ರಸ್ತೆಗೆ ಬನ್ನಿ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದಿಟ್ಟುಕೊಳ್ಳಿ. ಒಣ ಡಾಂಬರು, ಒಳ್ಳೆಯ ಟೈರು, ಸರಿಯಾದ ಬ್ರೇಕು ಇದ್ದರೂ 60ರ ವೇಗದ ಕಾರು ನಿಲ್ಲಲು ಸುಮಾರು 37 ಮೀಟರ್ ಬೇಕು. 80ಕ್ಕೆ 57. 100ಕ್ಕೆ 80 ಮೀಟರಿನ ಮೇಲೆ. ವೇಗ ಒಂದೂಕಾಲು ಪಟ್ಟು ಆದರೆ ಬ್ರೇಕಿನ ಮೇಲೆ ಬೀಳುವ ಭಾರ ಒಂದೂವರೆ ಪಟ್ಟಿಗೂ ಹೆಚ್ಚು, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ರಾತ್ರಿ ಡಿಪ್ ಲೈಟಿನಲ್ಲಿ ನಮಗೆ ಸ್ಪಷ್ಟವಾಗಿ ಕಾಣುವುದು ಎಷ್ಟು ದೂರ? ಐವತ್ತು ಮೀಟರ್ ಕಂಡರೆ ಹೆಚ್ಚು. ಅಂದರೆ 80ರಲ್ಲಿ ಹೋಗುವವನು ತನಗೆ ಕಾಣದ ಜಾಗಕ್ಕೆ ಕಾರನ್ನು ಕಳಿಸುತ್ತಿದ್ದಾನೆ.

ಆ ಕಾಣದ ಜಾಗದಲ್ಲಿ ಏನಿರುತ್ತದೆ ಎಂದು ನಮ್ಮ ಹೋಬಳಿಯವರಿಗೆ ಹೇಳಬೇಕಿಲ್ಲ. ಹಿಂದೆ ದೀಪವೂ ಇಲ್ಲದ, ರಿಫ್ಲೆಕ್ಟರೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್. ಬಣ್ಣ ಬಳಿಯದ ಹಂಪು. ಕೆಟ್ಟು ನಿಂತ ಲಾರಿಯ ಹಿಂದೆ ಇಟ್ಟು, ಲಾರಿ ಹೋದ ಮೇಲೂ ಅಲ್ಲೇ ಬಿಟ್ಟ ಕಲ್ಲುಗಳು. ಸುಗ್ಗಿಯಲ್ಲಿ ರಸ್ತೆ ಉದ್ದಕ್ಕೂ ಒಕ್ಕಣೆಗೆ ಹರಡಿದ ರಾಗಿ, ಹುರುಳಿ. ಆ ಹುಲ್ಲಿನ ಮೇಲೆ ಟೈರಿಗೆ ಹಿಡಿತ ಸಿಗುವುದಿಲ್ಲ. ಅದು ಕಾರಿನಡಿ ಸುತ್ತಿಕೊಂಡು ಕಾದ ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿಯೂ ಹತ್ತುತ್ತದೆ. 2021ರ ಸೆಪ್ಟೆಂಬರ್ 12ರಂದು ನಮ್ಮ ಚಿಂತಾಮಣಿ ತಾಲ್ಲೂಕಿನಲ್ಲೇ ಜೀಪು ಮತ್ತು ಲಾರಿ ಮುಖಾಮುಖಿಯಾಗಿ 8 ಜನ ಹೋದರು. 2023ರ ಅಕ್ಟೋಬರ್ 26ರ ಬೆಳಗಿನ ಮಂಜಿನಲ್ಲಿ ಚಿಕ್ಕಬಳ್ಳಾಪುರದ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಸುಮೊ ಗುದ್ದಿ 13 ಜನ ಹೋದರು. ಆ ವಾಹನಗಳಿಗೂ ಮಾಡಿಫಿಕೇಶನ್ನಿಗೂ ನಾನು ಗಂಟು ಹಾಕುತ್ತಿಲ್ಲ. ಈ ಜಿಲ್ಲೆಯ ರಸ್ತೆಯಲ್ಲಿ ಜನ ಹೇಗೆ ಸಾಯುತ್ತಾರೆ ಅನ್ನುವುದನ್ನು ಅವು ತೋರಿಸುತ್ತವೆ. ಎದುರಿನಿಂದ ಬಂದದ್ದು, ನಿಂತದ್ದು, ಕಾಣದ್ದು. ಹದಿನೈದು ಹಾರ್ಸ್‌ಪವರ್ ಹೆಚ್ಚಿದ್ದ ಮಾತ್ರಕ್ಕೆ ಇಲ್ಲಿ ಯಾರೂ ಬದುಕುವುದಿಲ್ಲ.

ಬ್ರೇಕು ಮರೆತು ಶಕ್ತಿ ಹೆಚ್ಚಿಸುವ ತಪ್ಪನ್ನು ಹುಡುಗರಿಗಿಂತ ಮೊದಲು ಮಾಡಿದವರು ದೊಡ್ಡವರೇ. ಚಿಂತಾಮಣಿ ಮಾರುಕಟ್ಟೆಗೆ ಟೊಮೆಟೊ ಕ್ರೇಟು ಹೊರುವ ಪಿಕಪ್ ಗಾಡಿಗಳ ಹಿಂದೆ ಬಗ್ಗಿ ನೋಡಿ. ಕಂಪನಿ ಕೊಟ್ಟ ಸ್ಪ್ರಿಂಗ್ ಪ್ಲೇಟುಗಳ ಜೊತೆ ಇನ್ನೆರಡು ಪ್ಲೇಟು ಸೇರಿಸಿ, ಹೊರುವ ಶಕ್ತಿ ಹೆಚ್ಚಿಸಿಕೊಂಡಿರುವ ಗಾಡಿಗಳು ಬೇಕಾದಷ್ಟು ಸಿಗುತ್ತವೆ. ಬ್ರೇಕು ಮಾತ್ರ ಹಳೆಯದೇ. ಇದರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ಅಪಾಯವಿದೆ. ಕೆಲವು ಗಾಡಿಗಳಲ್ಲಿ ಲೋಡು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವ್ ಇರುತ್ತದೆ. ಹಿಂಭಾಗ ಎಷ್ಟು ತಗ್ಗಿದೆ ಅನ್ನುವುದೇ ಅದಕ್ಕೆ ತೂಕದ ಲೆಕ್ಕ. ಗಟ್ಟಿ ಪ್ಲೇಟು ಹಾಕಿ ಹಿಂಭಾಗ ತಗ್ಗದಂತೆ ಮಾಡಿದರೆ, ಹೇರು ತುಂಬಿದ್ದರೂ ಆ ವಾಲ್ವ್ ಗಾಡಿ ಖಾಲಿ ಎಂದೇ ತಿಳಿದು ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಬಿಡುತ್ತದೆ. ಹಳದಿ ಬೋರ್ಡಿನ ಗಾಡಿಗಳಿಗೆ 80ರ ಮಿತಿಯ ಸ್ಪೀಡ್ ಗವರ್ನರ್ ಹಾಕಿಸಿ, ಎಫ್‌ಸಿ ಮುಗಿದ ಮೇಲೆ ಅದರ ತಂತಿ ಕಿತ್ತಿಡುವುದೂ ಮಾಡಿಫಿಕೇಶನ್ನೇ.

ಹಾಗಾದರೆ ರೀಮ್ಯಾಪಿಗೆ ಎತ್ತಿಟ್ಟ ದುಡ್ಡನ್ನು ಏನು ಮಾಡಬೇಕು? ನನ್ನನ್ನು ಕೇಳಿದರೆ ಮೊದಲು ಟೈರು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗಟ್ಟೆ ಚೆನ್ನಾಗಿದೆ ಎಂದು ವಯಸ್ಸಾದ ಟೈರಿನಲ್ಲಿ ಓಡಾಡುವ ಕಾರುಗಳು ನಮ್ಮಲ್ಲಿ ಎಷ್ಟೋ. ರಬ್ಬರು ಒಣಗಿ ಗಡುಸಾದ ಮೇಲೆ ಮಳೆಯಲ್ಲಿ ಅದು ನೆಲವನ್ನು ಹಿಡಿಯುವುದಿಲ್ಲ. ದೊಡ್ಡ ಚಕ್ರದ ಆಸೆಯೇ ಇದ್ದರೆ ಅದಕ್ಕೂ ನೇರ ದಾರಿ ಇದೆ. ಆ ತಲೆಮಾರಿನ ಸ್ವಿಫ್ಟ್ ಕೆಳಗಿನ ಮಾದರಿಯಲ್ಲಿ 165/80 ಆರ್14 ಟೈರಿನೊಂದಿಗೆ ಬಂದರೆ, ಮೇಲಿನ ಮಾದರಿ 185/65 ಆರ್15ರೊಂದಿಗೆ ಬರುತ್ತಿತ್ತು. ಕಂಪನಿ ತಾನೇ ಪರೀಕ್ಷಿಸಿ ಹಾಕಿದ ಅಳತೆ ಅದು. ಅಲ್ಲಿಗೆ ನಿಲ್ಲಿಸಿದರೆ ಸ್ಪೀಡೋಮೀಟರೂ ಸರಿಯಾಗಿರುತ್ತದೆ, ಮಡ್‌ಗಾರ್ಡಿಗೂ ತಾಗುವುದಿಲ್ಲ.

ಆಮೇಲೆ ಬ್ರೇಕ್ ಆಯಿಲ್. ಎಂಜಿನ್ ಆಯಿಲ್ ತಪ್ಪದೆ ಬದಲಿಸುವ ಮನೆಯಲ್ಲೂ ಇದನ್ನು ಕೇಳುವವರಿಲ್ಲ. ಅದು ಗಾಳಿಯಿಂದ ನೀರಿನಂಶ ಹೀರುತ್ತದೆ. ನಂದಿಬೆಟ್ಟದ ತಿರುವುಗಳಲ್ಲಿ ಇಳಿಯುವಾಗ ಬ್ರೇಕು ಕಾದರೆ ಆ ನೀರು ಆವಿಯಾಗಿ, ಪೆಡಲ್ ಮೆತ್ತಗೆ ಒಳಗೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲು ತಗಲುವುದು ರೀಮ್ಯಾಪಿನ ಖರ್ಚಿನ ಒಂದು ಚೂರು. ಒಳ್ಳೆಯ ಪ್ಯಾಡು, ಸವೆದ ಡಿಸ್ಕು ಬದಲಿಸುವುದು, ಸೋರುವ ಶಾಕ್ ಅಬ್ಸಾರ್ಬರ್ ಬದಲಿಸುವುದು ಇವೆಲ್ಲ ಕಾರನ್ನು ಬೇರೆಯೇ ಕಾರಾಗಿಸುತ್ತವೆ. ಹಂಪಿಗೆ ತಗಲುತ್ತದೆ ಎಂದು ಸ್ಪ್ರಿಂಗಿನ ನಡುವೆ ರಬ್ಬರ್ ಬಫರ್ ತುರುಕುವ ಬದಲು ದಣಿದ ಸ್ಪ್ರಿಂಗನ್ನೇ ಬದಲಿಸಿ ನೋಡಿ. ಕಾರು ತಾನಾಗಿ ಎದ್ದು ನಿಲ್ಲುತ್ತದೆ.

ದೀಪದ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ. ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ರಿಫ್ಲೆಕ್ಟರಿನೊಳಗೆ ಅಗ್ಗದ ಎಲ್‌ಇಡಿ ಸಿಕ್ಕಿಸಿದರೆ ಬೆಳಕು ಎಲ್ಲಿ ಬೀಳಬೇಕೋ ಅಲ್ಲಿ ಬೀಳದೆ ಎದುರಿನವನ ಕಣ್ಣಿಗೆ ಚೆಲ್ಲುತ್ತದೆ. ಹಾಕಿಸಿಕೊಂಡವನಿಗೆ ಬಾನೆಟ್ಟಿನ ಮುಂದೆ ಬೆಳ್ಳಗೆ ಕಾಣುವುದರಿಂದ ದೂರದ್ದೂ ಕಾಣುತ್ತಿದೆ ಎಂಬ ಭ್ರಮೆ. ಎದುರಿಗೆ ಬೈಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟವನು ಆ ಹೊತ್ತು ಕುರುಡ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಇಂಥ ದೀಪಗಳ ಮೇಲೆ ಕೇಸು ಹಾಕಲು ಹೊರಟದ್ದು ತೀರ ತಡವಾಗಿ ಬಂದ ಒಳ್ಳೆಯ ಕೆಲಸ. ಹಳೆಯ ಬಲ್ಬನ್ನೇ ಹೊಸದಾಗಿ ಹಾಕಿ, ಮಂಕಾದ ಗಾಜನ್ನು ಪಾಲಿಶ್ ಮಾಡಿಸಿ, ಬೆಳಕಿನ ಮಟ್ಟ ಸರಿಮಾಡಿಸಿದರೆ ಸಾಕಷ್ಟು ಕಾಣುತ್ತದೆ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಎಂದಿತು. ವಿಮೆಯವರೂ ಅಪಘಾತವಾದಾಗ ಮೊದಲು ಹುಡುಕುವುದು ಇದನ್ನೇ.

ದಂಡ ಬೇಕು. ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವುದನ್ನು ನಮ್ಮ ಪೊಲೀಸರು ಊರೂರಲ್ಲಿ ಮಾಡಿ ತೋರಿಸಿದ್ದಾರೆ. ರಾತ್ರಿ ಮಗು ಮಲಗಿಸುವ ತಾಯಂದಿರ ಪರವಾಗಿ ಅದನ್ನು ಸ್ವಾಗತಿಸುತ್ತೇನೆ. ಆದರೆ 52ನೇ ಸೆಕ್ಷನ್ನಿನಲ್ಲೇ ಇನ್ನೊಂದು ಬಾಗಿಲಿದೆ. 1990ರ ದಶಕದಲ್ಲಿ ಮಾರುತಿ ವ್ಯಾನುಗಳ ಹಿಂದೆ ಅಡುಗೆಮನೆಯ ಸಿಲಿಂಡರ್ ಇಟ್ಟು ಕದ್ದು ಓಡಿಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಬಾಂಬುಗಳನ್ನು ಬರೀ ಹಿಡಿದು ಹಿಡಿದು ನಿಲ್ಲಿಸಲಾಗಲಿಲ್ಲ. 2000ದ ತಿದ್ದುಪಡಿ ಒಂದು ಕಡೆ ಮನಸೋ ಇಚ್ಛೆ ಬದಲಾವಣೆಯನ್ನು ನಿಷೇಧಿಸಿತು. ಇನ್ನೊಂದು ಕಡೆ ಎಲ್‌ಪಿಜಿ, ಸಿಎನ್‌ಜಿ ಕಿಟ್ಟುಗಳಿಗೆ ಅನುಮತಿಯ ದಾರಿ ಮಾಡಿತು. ಕಿಟ್ಟನ್ನು ಪುಣೆಯ ಎಆರ್‌ಎಐಯಂಥ ಸಂಸ್ಥೆ ಪರೀಕ್ಷಿಸಬೇಕು, ಆರ್‌ಟಿಒ ಆರ್‌ಸಿಯಲ್ಲಿ ಬರೆಯಬೇಕು. ಬೆಂಗಳೂರಿನ ಎಷ್ಟೋ ಆಟೊಗಳು ಎಲ್‌ಪಿಜಿಗೆ ಬಂದದ್ದು ಈ ದಾರಿಯಲ್ಲೇ. ಬ್ರೇಕು, ಸ್ಪ್ರಿಂಗು, ದೀಪಗಳಿಗೂ ಇಂಥ ಅನುಮೋದಿತ ಕಿಟ್ಟು ಏಕಿರಬಾರದು? ಜರ್ಮನಿಯಲ್ಲಿ ಕಾರಿನ ಸ್ಪ್ರಿಂಗ್ ಬದಲಿಸಿದವನು ಟಿಯುವಿ ಪರೀಕ್ಷಕನಿಗೆ ತೋರಿಸಿ ಕಾಗದಕ್ಕೆ ಸೇರಿಸಿಕೊಳ್ಳುತ್ತಾನೆ. ಒಳ್ಳೆಯ ಕೆಲಸಕ್ಕೆ ಅಲ್ಲಿ ಮುದ್ರೆ ಬೀಳುತ್ತದೆ. ನಮ್ಮಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಕತ್ತಲೆಯಲ್ಲಿ ಮಾಡಬೇಕಾಗಿದೆ.

ಶಕ್ತಿ ಹೆಚ್ಚಿಸುವ ಕೆಲಸಕ್ಕೆ ಮಾತ್ರ ಸಾರ್ವಜನಿಕ ರಸ್ತೆಯಲ್ಲಿ ನಾನು ಇಷ್ಟು ಸಲಿಗೆ ಕೊಡಲಾರೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ನಿಯಮದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 4.5 ಮಿಲಿಗ್ರಾಮಿಗಿಂತ ಹೆಚ್ಚು ಮಸಿ ಬಿಡುವಂತಿಲ್ಲ. ಬಿಎಸ್4ರಲ್ಲಿ ಅದು 25 ಇತ್ತು. ಈ ಇಳಿಕೆಗೆ ಕಾರಣ ಹೊಗೆಕೊಳವೆಯಲ್ಲಿ ಕೂತ ಡಿಪಿಎಫ್ ಎಂಬ ಫಿಲ್ಟರು. ಪಿಕಪ್ಪಿಗೆ ಅಡ್ಡಿ ಎಂದು ಅದನ್ನು ಕಿತ್ತುಹಾಕಿಸುವವರಿದ್ದಾರೆ. ನಮ್ಮ ಎಮಿಶನ್ ಕೇಂದ್ರಗಳು ಡೀಸೆಲ್ ಗಾಡಿಯಲ್ಲಿ ನೋಡುವುದು ಹೊಗೆಯ ದಟ್ಟಣೆ ಮಾತ್ರ, ಅತಿಸೂಕ್ಷ್ಮ ಕಣಗಳನ್ನು ಎಣಿಸುವುದಿಲ್ಲ. ಸಿಕ್ಕಿಬೀಳುವುದಿಲ್ಲ ಎಂಬ ಧೈರ್ಯ ಅಲ್ಲಿಂದ ಬಂದದ್ದು. ಆ ಮಸಿ ಹೋಗುವುದು ಬಸ್‌ಸ್ಟಾಪಿನಲ್ಲಿ ನಿಂತ ಶಾಲೆಯ ಮಕ್ಕಳ ಎದೆಗೆ.

ವೇಗವೇ ಬೇಕೆನ್ನುವವರಿಗೆ ರ‍್ಯಾಲಿ ಇದೆ, ಟ್ರ್ಯಾಕ್ ಇದೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000, ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಗಳಲ್ಲಿ ಓಡುವ ಕಾರಿಗೆ ಒಳಗೆ ಉಕ್ಕಿನ ಪಂಜರ ಕಟ್ಟಿರುತ್ತಾರೆ, ಚಾಲಕ ಹೆಲ್ಮೆಟ್ ಹಾಕಿರುತ್ತಾನೆ, ರಸ್ತೆ ಮುಚ್ಚಿರುತ್ತಾರೆ. ಬೆಂಗಳೂರಿನ ಆರ್.ವಿ. ಕಾಲೇಜಿನ ವಿದ್ಯಾರ್ಥಿಗಳು ಅಶ್ವ ರೇಸಿಂಗ್ ಎಂಬ ತಂಡ ಕಟ್ಟಿಕೊಂಡು 2003ರಿಂದ ತಮ್ಮದೇ ರೇಸ್ ಕಾರು ಮಾಡುತ್ತಿದ್ದಾರೆ. ನಮ್ಮ ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್ ಹುಡುಗರಿಗೆ ಆ ಮಟ್ಟದ ಒಂದು ಷೆಡ್ಡು, ಒಂದು ಹಳೆಯ ಎಂಜಿನ್, ಕಲಿಸುವ ಒಬ್ಬ ಮೇಷ್ಟ್ರು ಸಿಕ್ಕರೆ ಅವರೇನು ಕಡಿಮೆಯಿಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ವಾಲ್‌ಚಂದ್ ಹೀರಾಚಂದರ ಜೊತೆ ಸೇರಿ ಈ ನೆಲದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ಓಡಾಡಿದ್ದರು. ಬ್ರಿಟಿಷ್ ಸರ್ಕಾರ ಬೆಂಬಲಿಸಲಿಲ್ಲ. ಅವರ ಜಿಲ್ಲೆಯ ಹುಡುಗರ ಕೈಗೆ ಇವತ್ತು ಸ್ಪ್ಯಾನರ್ ಬಂದಿದೆ. ಅದನ್ನು ಕದ್ದುಮುಚ್ಚಿ ಹಿಡಿಯುವ ಸ್ಥಿತಿ ಅವರಿಗೆ ಇರಬಾರದು.

ದೆಹಲಿಯಲ್ಲಿ ನಿಯಮ ಬದಲಾಗುವವರೆಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಚಿಂತಾಮಣಿಯಲ್ಲಿ ನಮ್ಮದೇ ಆರ್‌ಟಿಒ ಕಚೇರಿಯಿದೆ, ಕೆಎ-67. ತಿಂಗಳಿಗೊಂದು ದಿನ, ಕೆಂಚಾರ್ಲಹಳ್ಳಿಯ ಸಂತೆ ಮೈದಾನವೋ ಶಾಲೆಯ ಅಂಗಳವೋ ಸಾಕು, ಅಲ್ಲಿನ ಅಧಿಕಾರಿಗಳು ದಂಡದ ಪುಸ್ತಕ ತಾರದೆ ಬಂದು ಬ್ರೇಕು, ಟೈರಿನ ವಯಸ್ಸು, ದೀಪದ ಮಟ್ಟ ನೋಡಿ ಹೇಳಲಿ. ಊರಿನ ಮೆಕ್ಯಾನಿಕ್ಕುಗಳು ಜೊತೆಗೆ ನಿಲ್ಲಲಿ, ಅವರಿಗೂ ಅದು ಪಾಠ. ಟ್ರೇಲರಿನ ಹಿಂದೆ ಅಂಟಿಸಲು ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನು ಪಂಚಾಯಿತಿ ಕೊಡಲಿ. ನವೆಂಬರ್ ಕೊನೆಗೆ ರಾಗಿ ರಸ್ತೆಗೆ ಬರುತ್ತದೆ, ಅದರ ಹಿಂದೆಯೇ ಮಂಜು. ಮೊದಲ ತಪಾಸಣೆ ದೀಪಾವಳಿಯೊಳಗೆ ಆಗಬೇಕು.