ನಾಮವಿಲ್ಲದ ರೂಪ

ಜಗತ್ತಿನ ಪದಾರ್ಥಗಳನ್ನು ನಮ್ಮ ಪೂರ್ವಿಕರು ನಾಮ, ರೂಪ ಎಂಬೆರಡರಿಂದ ಗುರುತಿಸಿದರು. ಭಾವಚಿತ್ರವು ಕೊಡುವುದು ರೂಪವನ್ನು ಮಾತ್ರ. ನಾಮವನ್ನು ಬರೆದಿಡುವ ಭಾರ ಮನುಷ್ಯನದು.

ಮದರಾಸಿನ ಸರಕಾರೀ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಾಗಿದ್ದ ಎಡ್ಗರ್ ಥರ್ಸ್ಟನ್ ಎಂಬವರು ಕೆ. ರಂಗಾಚಾರಿಯವರ ನೆರವಿನಿಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತು ಏಳು ಸಂಪುಟಗಳನ್ನು 1909ರಲ್ಲಿ ಪ್ರಕಟಿಸಿದರು. ನಮ್ಮ ಜಿಲ್ಲೆಯ ಕೊರಗರ ವರ್ಣನೆಯೂ, ಅವರ ಸ್ತ್ರೀಯರು ಸೊಂಟಕ್ಕೆ ಕಟ್ಟುತ್ತಿದ್ದ ಎಲೆಯುಡುಗೆಯ ಮಾತೂ ಅದರಲ್ಲುಂಟು. ಆ ಸಂಪುಟಗಳ ಭಾವಚಿತ್ರಗಳ ಅಡಿಯಲ್ಲಿ ಮುದ್ರಿತವಾದುದು ಬಹುಮಟ್ಟಿಗೆ ಜಾತಿಯ ಹೆಸರು. ಯಂತ್ರದ ಮುಂದೆ ನಿಂತವರ ಹೆಸರಲ್ಲ. ಉಡುಗೆಯ ಗುರುತು ಉಳಿಯಿತು, ಉಟ್ಟವರದು ಅಳಿಯಿತು.

ಪರದೇಶಿಯರನ್ನಷ್ಟೇ ದೂಷಿಸಿ ಫಲವಿಲ್ಲ. ಕೊರಗರನ್ನು ಹೀನವಾಗಿ ನಡೆಯಿಸುತ್ತಿದ್ದ ಅಜಲು ಪದ್ಧತಿಯು ನಮ್ಮ ನಾಡಿನದೇ. ಅದನ್ನು ನಿಷೇಧಿಸಲು ಕರ್ನಾಟಕವು 2000ನೆಯ ಇಸವಿಯ ಕಾಯಿದೆಯನ್ನೇ ಮಾಡಬೇಕಾಯಿತು.

ಮುಂಡಾಜೆಯ ಕಡೆಯ ಹಳೆಯ ಮನೆಗಳ ಚಾವಡಿಗಳನ್ನು ನೋಡಿರಿ. ಗೋಡೆಯ ಪಟಗಳಲ್ಲಿ ರುಮಾಲು, ಶಾಲು, ಮೂಗುತಿ ಎಲ್ಲವೂ ಸ್ಪಷ್ಟವಾಗಿರುವುವು. "ಇವರಾರು?" ಎಂದು ಮೊಮ್ಮಕ್ಕಳು ಕೇಳಿದರೆ ಯಜಮಾನನ ಹೆಸರು ಸಿಕ್ಕೀತು, ಪಕ್ಕದಲ್ಲಿ ಕುಳಿತ ಪತ್ನಿಯದೂ, ಅಂಚಿನಲ್ಲಿ ನಿಂತ ಆಳಿನದೂ ಸಿಕ್ಕುವುದು ದುರ್ಲಭ. ನಮ್ಮ ಚಾವಡಿಯೂ ಆ ಸಂಪುಟಗಳಂತೆಯೇ ಆಗಬೇಕೆ?

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು: ಬಲ್ಲ ಹಿರಿಯರು ಇರುವಾಗಲೇ ಕೇಳಿ ತಿಳಿದು, ಪಟದ ಹಿಂಬದಿಯಲ್ಲಿ ಮೃದುವಾದ ಸೀಸದಕಡ್ಡಿಯಿಂದ, ಒತ್ತದೆ, ಹೆಸರು, ಊರು, ವರ್ಷಗಳನ್ನು ಬರೆದಿಡಿರಿ. ಶಾಯಿಯು ಕಾಲಕ್ರಮದಲ್ಲಿ ಮುಂಬದಿಗೆ ಒಸರಬಹುದು. ಬರೆಯುವಾಗ ಅಂಚಿನಲ್ಲಿ ನಿಂತವರಿಂದಲೇ ಆರಂಭಿಸಿರಿ.